ನಾಯಿ ತಂದ್ರಷ್ಟ ಸಾಲದು, ಉಣ್ಣಿ ಆರಸಾಕ ಕುಂದ್ರಬೇಕು

ಮೊನ್ನೆ ಐತವಾರ ನಮ್ಮ ಓಣಿ ಹುಡುಗೊಬ್ಬ ತನ್ನ ನಾಯಿನ್ನ ಮಗ್ಗಲಿಗೆ ಕೆಡವಿಕೊಂಡು, ಅದರ ಹೊಟ್ಟಿ ಮ್ಯಾಲಿನ ಮೊಲಿತೊಟ್ಟನ್ನ ಉಣ್ಣಿ ಅಂತ ತಿಳದು ಚಿಮಟಾ ಹಚ್ಚಿ ಜಗ್ಗಾಕತ್ತಿದ್ದ. ನಾಯಿ ಕುಂಯ್ ಕುಂಯ್ ಅಂತಿತ್ತು. ಹಪ್ಪಳ ಒಣಹಾಕಾಕ ಮಾಳಿಗಿ ಏರಿದ್ದ ನಾನು ಅಲ್ಲಿಂದನ ಒದರಿದೆ, "ಲೇ ತಮ್ಮಾ, ಅದು ಮೊಲಿತೊಟ್ಟೋ, ಬಿಡೋ!" ಅಂತ. "ಆಯಿ, ಇದು ಗಂಡು ನಾಯಿ ಐತಿ" ಅಂತಾನ. ಗಂಡಿಗೆ ಇರೂದಿಲ್ಲೇನೋ? ನಿನ್ನ ಅಂಗಿ ಬಿಚ್ಚಿ ನೋಡಕೋ ಅಂದೆ. ನಾಚಿಕೊಂಡು ಒಳಗ ಹೋದ. ಆದ್ರ ನನಗ ರಾತ್ರಿ ನಿದ್ದಿ ಬರಲಿಲ್ಲ. ಹತ್ತು ಸಾವಿರಕ್ಕೂ ಮ್ಯಾಲೆ ಕೊಟ್ಟು ಮರಿ ತರತಾರ, ಮೊಲಿತೊಟ್ಟು ಯಾವುದು ಉಣ್ಣಿ ಯಾವುದು ತಿಳಿಯೂದಿಲ್ಲ. ಅದಕ್ಕ ಇದನ್ನ ಬರೀಲಿಕ್ಕೆ ಕುಂತೇನಿ.

ನಾನು ಮುಧೋಳ ತಾಲೂಕಿನ ಸೊಸಿ. ಘಟಪ್ರಭಾ ಹೊಳಿ ದಂಡಿಯ ಹಳ್ಳಿಗೆ ಮದಿವ್ಯಾಗಿ ಬಂದಾಗ ಮನ್ಯಾಗ ಮಂದಿಗಿಂತ ನಾಯಿ ಹೆಚ್ಚಿದ್ದವು. ಆಗ ಇವಕ್ಕ ಬ್ಯಾಟಿ ನಾಯಿ ಅಂತಿದ್ರು, ಕಾರವಾನಿ ಅಂತಿದ್ರು. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಒಂದು ಜೋಡಿ ಕೊಟ್ಟು ಬಂದಿದ್ರಂತ, ಅಲ್ಲಿಂದ ಮುಧೋಳ ಹೌಂಡ್ ಅನ್ನೂ ಹೆಸರು ಗಟ್ಟಿ ಆತಂತ ನಮ್ಮ ಮಾವನೋರು ಮೀಸಿ ತಿರುವಿಕೋತ ಹೇಳತಿದ್ರು. 2005ರಾಗ ಅಂಚೆ ಚೀಟಿ ಮ್ಯಾಲೂ ಬಂತು. ಮುಂದ ತಿಮ್ಮಾಪುರದಾಗ ಇವುಕ್ಕಂತನ ಸರಕಾರದ ಕೇಂದ್ರ ಆತು, ಮಿಲಿಟರಿಯವರೂ ತರಬೇತಿಗೆ ಮರಿ ಒಯ್ದ್ರು. 2020ರಾಗ ಪ್ರಧಾನಿಗಳು ರೇಡಿಯೋದಾಗ ಹೆಸರು ಹೇಳಿದ ಮ್ಯಾಲಂತೂ ಬೆಂಗಳೂರು, ಪುಣೆ ಕಡಿಂದ ಕಾರ್ ತಗೊಂಡು ಬರೂದು ಶುರು ಆತು. ಬರ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಒಯ್ದು ಆರು ತಿಂಗಳಿಗೆ ಫೋನ್ ಮಾಡತಾರ, "ಆಯಿ, ಎಷ್ಟ ಹಾಕಿದ್ರೂ ಪಕಳಿ ಎಲುಬು ಕಾಣತಾವ, ಟಾನಿಕ್ ಯಾವುದು ಕೊಡೂದು?"

ಅದರ ಮೈಕಟ್ಟ ಹಂಗ ಐತಿ ಮಾರಾಯಾ. ಓಡೂ ನಾಯಿ ಅದು. ಎದಿ ಆಳ, ನಡ ಸಣ್ಣ, ತೊಗಲು ತೆಳ್ಳಗ, ಕೊಬ್ಬು ಇಲ್ಲ. ಹಿಂದಿನ ಒಂದೆರಡು ಪಕಳಿ ಕಂಡ್ರ ಚಲೋ ಅಂತನ ಅರ್ಥ. ಅದನ್ನ ಲ್ಯಾಬ್ರಡಾರಿನಂಗ ಉಬ್ಬಿಸಾಕ ಹೋಗಬ್ಯಾಡ್ರಿ. ಲ್ಯಾಬ್ರಡಾರನ್ನೂ ಉಬ್ಬಿಸಬಾರ್ದು, ಅದು ಮೊದಲ ಹೊಟ್ಟಿಬಾಕ ಜಾತಿ, ತಟ್ಟಿ ಹಿಡದವರ ಕೈನೂ ನೆಕ್ಕತೈತಿ. ಇನ್ನ ಹಸ್ಕಿ ತಂದು ಬಾಗಲಕೋಟಿ ಬ್ಯಾಸಿಗ್ಯಾಗ ಕಟ್ಟಿದವರಿಗೆ ನಾ ಏನ ಹೇಳಲಿ? ಹಿಮದಾಗ ಬಂಡಿ ಎಳಿಯೂ ಜಾತಿ, ಮೈತುಂಬ ಎರಡು ಪದರಿನ ತುಪ್ಪಳ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಾಗ ನಲವತ್ತು ಡಿಗ್ರಿ ದಾಟತೈತಿ. ಸೆಕಿ ಆಗತೈತಿ ಅಂತ ಬೋಳಸತಾರ, ಅದು ಇನ್ನೂ ತಪ್ಪು, ಆ ತುಪ್ಪಳನ ಬಿಸಲಿಗೂ ಅಡ್ಡ. ಮೂಗು ಚಪ್ಪಟಿ ಪಗ್ ನಾಯಿಗೆ ಉಸಿರ ಸರಿ ಬರೂದಿಲ್ಲ, ಅದನ್ನ ಮಧ್ಯಾಹ್ನ ತಿರಗಾಡಸತಾರ. ನಾಯಿ ಮನಿಶ್ಯಾರಂಗ ಮೈತುಂಬ ಬೆವರೂದಿಲ್ಲ, ತೇಕಿ ತೇಕಿನ ಮೈ ತಂಪು ಮಾಡಕೋಬೇಕು. ಡಾಂಬರು ರಸ್ತೆ ಮ್ಯಾಲೆ ನಿಮ್ಮ ಅಂಗೈ ಇಟ್ಟು ನೋಡ್ರಿ. ನಿಮಗ ತಡಿಯಾಕ ಆಗಲಿಲ್ಲಂದ್ರ ಅದಕ್ಕೂ ಆಗೂದಿಲ್ಲ.

ಊಟದ ವಿಷಯ ಬಾಳ ಹೇಳೂದಿಲ್ಲ. ರೊಟ್ಟಿ ಮುರದು ಮಜ್ಜಿಗ್ಯಾಗ ನೆನಸೂದು, ತತ್ತಿ, ಬೇಯಿಸಿದ ಮಾಂಸ, ದಿನಾ ಎರಡು ಹೊತ್ತು, ಎಷ್ಟ ಬೇಕು ಅನ್ನೂದು ಮೈ ಮುಟ್ಟಿ ನೋಡಿದ್ರ ತಿಳೀತೈತಿ. ಉಂಡ ಕೂಡಲೆ ಓಡಾಕ ಬಿಡಬ್ಯಾಡ್ರಿ, ಎದಿ ಆಳ ಇರೂ ನಾಯಿಗೆ ಹೊಟ್ಟಿ ಉಬ್ಬಿ ತಿರುವಿಕೋತೈತಿ, ಅದು ತಾಸಿನ್ಯಾಗ ಜೀವ ತಗೀತೈತಿ. ಉಳದ ಮಟನ್ ಸಾರು ಸುರೂವೂದು ಬಿಡ್ರಿ, ಅದರಾಗಿನ ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿ ರಕ್ತ ಕೆಡಸತಾವ. ಬೇಯಿಸಿದ ಕೋಳಿ ಎಲುಬು ಸೂಜಿಯಂಗ ಸೀಳತೈತಿ. ದ್ರಾಕ್ಷಿ ಬಾಳ ಮಂದಿಗೆ ಗೊತ್ತಿಲ್ಲ. ನನ್ನ ಮಗಳನ್ನ ವಿಜಯಪುರದ ತಿಕೋಟಾ ಕಡೆ ಕೊಟ್ಟೇವಿ, ಹೊಲದಾಗ ಒಣದ್ರಾಕ್ಷಿ ಶೆಡ್ ಐತಿ. ಅಲ್ಲಿ ಮೊಮ್ಮಕ್ಕಳು ಒಂದೊಂದ ದ್ರಾಕ್ಷಿ ನಾಯಿ ಬಾಯಿಗೆ ಒಗದು ಆಡತಿದ್ವು. ಹಸಿದ್ರಾಕ್ಷಿ ಆಗಲಿ ಒಣದ್ರಾಕ್ಷಿ ಆಗಲಿ ನಾಯಿ ಮೂತ್ರಪಿಂಡ ಕೆಡಸತೈತಿ ಅಂತ ದನದ ಡಾಕ್ಟ್ರು ಹೇಳಿದ ಮ್ಯಾಲೆ ಆ ಆಟ ನಿಂತು ಹೋತು.

ಈಗ ಉಣ್ಣಿಗೆ ಬರತೇನಿ.

ನಮ್ಮತ್ತಿ ನಾಯಿನ್ನ ಹೊಸಲಾ ದಾಟಗೊಡತಿರಲಿಲ್ಲ. ಆದ್ರ ದಿನಾ ಸಂಜಿಕ, ದೀಪ ಹಚ್ಚೂಕಿಂತ ಮೊದಲು, ಕಟ್ಟಿ ಮ್ಯಾಲೆ ಕುಂತು ಒಂದೊಂದು ನಾಯಿನ್ನ ಕರದು ಉಣ್ಣಿ ಆರಸತಿದ್ರು. ಹೆಣ್ಣಮಕ್ಕಳ ತಲ್ಯಾಗ ಹೇನು ನೋಡತೇವಲ್ಲ, ಹಂಗ. ಕೈ ತನ್ನ ಪಾಡಿಗೆ ತಾ ಹುಡುಕತಿತ್ತು, ಬಾಯಿ ಊರ ಸುದ್ದಿ ಮಾತಾಡತಿತ್ತು. ನನಗೂ ಅವರ ಕಲಿಸಿದ್ರು. ಈಗ ನಲವತ್ತು ವರ್ಷದ ಮ್ಯಾಲಾತು, ಮನ್ಯಾಗ ಇದ್ದಾಗ ಒಂದಿನ ಬಿಟ್ಟಿಲ್ಲ. ಮೊಮ್ಮಗ ಕೇಳತಾನ, "ಔಷಧ ಐತಲ್ಲ ಆಯಿ, ಇದ್ಯಾಕ?" ಔಷಧ ಇರಲಿ. ಡಾಕ್ಟ್ರು ತೂಕ ನೋಡಿ ಕೊಡೂ ಗುಳಿಗಿ, ಬೆನ್ನಿಗೆ ಹನಿಸೂ ಔಷಧ ನಾನೂ ತರತೇನಿ. ಎತ್ತಿಗೆ ಹಚ್ಚೂ ಔಷಧನ ನಾಯಿಗೆ ಅಂದಾಜಿಲೆ ಸುರೂವವರಿಗೆ ಮಾತ್ರ ನಾ ಬೈತೇನಿ, ಯಾಕಂದ್ರ ನಾಯಿ ಮೈ ನೆಕ್ಕಿಕೋತೈತಿ. ಆದ್ರ ಕೈ ಆಡಿಸೂದಕ್ಕ ಔಷಧ ಬದಲಿ ಅಲ್ಲ. ಜಾಲಿ ಮುಳ್ಳು ಚುಚ್ಚಿದ್ದು, ಗಂಟು ಎದ್ದಿದ್ದು, ಕಿವ್ಯಾಗ ವಾಸನಿ ಬಂದಿದ್ದು, ಇವೆಲ್ಲ ನನಗ ಕೈಲೆನ ಸಿಕ್ಕಾವ.

ಹಿಂಗ ಮಾಡ್ರಿ. ಒಂದು ಹಳೇ ಸ್ಟೀಲ್ ಬಟ್ಟಲ ತಗೋರಿ. ಅರ್ಧ ನೀರು, ಅದಕ್ಕ ಒಂದು ಚಿಟಿಕಿಗಿಂತ ಹೆಚ್ಚು, ಮುಷ್ಟಿಗಿಂತ ಬಾಳ ಕಡಿಮಿ ಸಾಬಣ ಪುಡಿ. ಬೆರಳಿಲೆ ಕಲಸಿದ್ರ ಜಾರಬೇಕು. ಬರೇ ನೀರಿನ್ಯಾಗ ಉಣ್ಣಿ ಸಾಯೂದಿಲ್ಲ, ದಂಡಿಗೆ ಹತ್ತಿ ಬರತೈತಿ. ಹುಬ್ಬು ತೀಡೂ ಸಣ್ಣ ತುದಿಯ ಚಿಮಟಾ ಬೇಕು, ಒಲಿದಲ್ಲ. ಬ್ಯಾಟರಿ ಒಂದು. ನಾಯಿ ಓಡಿ ಬಂದಿದ್ರ ಮೈ ಆರೂ ತನಕ ತಡೀರಿ.

ಎಡಗಿವಿಂದನ ಶುರು ಮಾಡ್ರಿ, ದಿನಾ ಎಡಗಿವಿಂದನ. ಇದನ್ನ ನಗಬ್ಯಾಡ್ರಿ, ಇದರಾಗನ ಎಲ್ಲಾ ಐತಿ. ಒಂದ ಸಾಲು ಹಿಡದ್ರ ಯಾವ ಜಾಗಾನೂ ತಪ್ಪೂದಿಲ್ಲ, ನಾಯಿಗೂ ಮುಂದ ಏನಂತ ಗೊತ್ತಾಗಿ ಅಂಜಿಕಿ ಹೋಗತೈತಿ. ಕಿವಿ ಹಾಳಿ ಒಳಗ ಹೊರಗ, ಆಮ್ಯಾಲೆ ಕಿವಿ ಅಂಚಿನ ಕೆಳಗ ಒಂದು ಸಣ್ಣ ತೊಗಲಿನ ಜೇಬು ಇರತೈತಿ, ಅದನ್ನ ಹೆಬ್ಬಟ್ಟಿಲೆ ಬಿಚ್ಚಿ ನೋಡ್ರಿ. ನೂರಕ್ಕ ತೊಂಬತ್ತು ಮಂದಿ ಅದನ್ನ ನೋಡೇ ಇರೂದಿಲ್ಲ, ಉಣ್ಣಿಗೆ ಅದು ಮಾವನ ಮನಿ. ಬಲಗಿವಿ. ಕಣ್ಣಿನ ರೆಪ್ಪಿ. ಗದ್ದದ ಕೆಳಗ. ಪಟ್ಟಾ ಬಿಚ್ಚಿ ಕೊರಳ ಸುತ್ತ, ಬಿಚ್ಚೇ ನೋಡಬೇಕು, ಸರಿಸಿ ನೋಡೂದಲ್ಲ. ಮುಂಗಾಲಿನ ಕಂಕಳ, ಹೊಟ್ಟಿ, ತೊಡಿ ಸಂದು, ಬಾಲದ ಬುಡ. ಕಡೀಕ ನಾಕೂ ಪಾದ, ಬೆರಳ ಬೆರಳ ನಡುವ, ಮ್ಯಾಲಿಂದ ಅಲ್ಲ ಕೆಳಗಿಂದ. ತುಪ್ಪಳಕ್ಕ ಎದುರಾಗಿ ಬೆರಳ ತುದಿ ಆಡಸ್ರಿ, ಜೋಳದಾಗ ಹರಳು ಆರಸೂವಾಗ ಬೆರಳಿಗೆ ತಾನ ತಿಳಿಯೂದಿಲ್ಲೇನು, ಹಂಗ ತಿಳೀತೈತಿ.

ಮೊಲಿತೊಟ್ಟು ಎರಡೂ ಮಗ್ಗಲಿಗೆ ಸಾಲಾಗಿ ಇರತಾವ, ಗಂಡಿಗೂ ಹೆಣ್ಣಿಗೂ. ತೊಗಲಿನ ಬಣ್ಣ, ಮೆತ್ತಗ. ಉಣ್ಣಿ ಎಲ್ಲಿ ಬೇಕಲ್ಲಿ ಕುಂತಿರತೈತಿ, ಬುಡದಾಗ ಬ್ಯಾಟರಿ ಬಿಟ್ರ ಕಾಲು ಕಾಣತಾವ. ಕಾಲು ಕಾಣದ್ದನ್ನ ಜಗ್ಗಬ್ಯಾಡ್ರಿ.

ಚಿಮಟಾದ ತುದಿನ ತೊಗಲಿಗೆ ಹತ್ತಿಸಿ, ಉಣ್ಣಿ ಬಾಯಿ ಹತ್ತರನ ಹಿಡೀಬೇಕು. ಹೊಟ್ಟಿ ಹಿಡದು ಹಿಚುಕಿದ್ರ ಅದರ ಹೊಟ್ಟ್ಯಾಗಿನ ಹೊಲಸು ನಾಯಿ ಮೈಯಾಗ ಹೋಗತೈತಿ. ತಿರುವಬ್ಯಾಡ್ರಿ, ಜರ್ಕು ಕೊಡಬ್ಯಾಡ್ರಿ, ನೆಟ್ಟಗ ಮ್ಯಾಲಕ್ಕ, ಸಾವಕಾಶ, ತೊಗಲು ಸ್ವಲ್ಪ ಎದ್ದು ಬರೂ ಹಂಗ ಎಳದು ಹಿಡದು ನಿಲ್ಲರಿ. ಉಣ್ಣಿ ತಾನ ಬಿಡತೈತಿ. ಬಿಟ್ಟಿದ್ದನ್ನ ಬಟ್ಟಲಕ್ಕ ಹಾಕ್ರಿ. ಉಗರಿಲೆ ಕುಕ್ಕಿ ಚಟ್ ಅನಸೂ ಚಟಾ ನನಗೂ ಇತ್ತು, ಬಿಟ್ಟೇನಿ, ಆ ರಕ್ತ ಕೈಗೆ ಹತ್ತಬಾರ್ದು. ಬೀಡಿಲೆ ಸುಡೂದು, ಚಿಮಣಿ ಎಣ್ಣಿ ಹಚ್ಚೂದು ನಮ್ಮ ಮಾವನೋರ ಕಾಲದ ಪದ್ಧತಿ. ಅವರೂ ತಪ್ಪ ಮಾಡಿದ್ರು. ಈ ತೆಳ್ಳಗಿನ ತೊಗಲಿಗೆ ಚಿಮಣಿ ಎಣ್ಣಿ ಬಿದ್ರ ಬೊಬ್ಬಿ ಏಳತೈತಿ, ಉಣ್ಣಿನೂ ಸಾಯೂವಾಗ ಒಳಗ ಉಗಳತೈತಿ.

ಯಾಕ ಇಷ್ಟ ಹೇಳತೇನಿ ಅಂದ್ರ, ನಮ್ಮ ಮೋತಿ ಹೋಗಿದ್ದ ಉಣ್ಣಿ ಜ್ವರದಾಗ. ಮಾವನೋರ ಕೈಯಾಗ ಬೆಳದ ನಾಯಿ. ನಾನು ಬಾಣಂತನಕ್ಕ ತವರಿಗೆ ಹೋದಾಗ ಎರಡು ತಿಂಗಳು ಯಾರೂ ಕೈ ಆಡಿಸಿರಲಿಲ್ಲ, ಅತ್ತಿಗೂ ಕಣ್ಣಿಗೆ ಪೊರಿ ಬಂದಿತ್ತು. ತಿರುಗಿ ಬಂದಾಗ ಉಣ್ಣಾಕ ಒಲ್ಲದು, ಒಸಡು ಸುಣ್ಣ ಬಳದಂಗ ಬಿಳಿ, ಒಂದಿನ ಮೂಗಿಲೆ ರಕ್ತ. ಮಂದಿ ದೃಷ್ಟಿ ಆಗೈತಿ ಅಂದ್ರು. ನಿವಾಳಿಸಿ ಒಗದೇವಿ. ಮೂರನೇ ದಿನಕ್ಕ ಹೋತು. ಈಗಾದ್ರ ರಕ್ತ ಪರೀಕ್ಷಾ ಮಾಡಿ ಔಷಧ ಕೊಡತಾರ, ಬಾಳಷ್ಟು ನಾಯಿ ಉಳೀತಾವ. ನೀವು ಹಣಿ ಮುಟ್ಟಿ ಜ್ವರ ನೋಡಬ್ಯಾಡ್ರಿ, ತುಟಿ ಎತ್ತಿ ಒಸಡು ನೋಡ್ರಿ, ಗುಲಾಬಿ ಬಣ್ಣ ಹೋಗಿ ಬಿಳಚಿದ್ರ ಅವತ್ತ ದವಾಖಾನಿಗೆ ಒಯ್ರಿ.

ಬರೇ ನಾಯಿ ಮೈ ನೋಡಿದ್ರ ಆಗೂದಿಲ್ಲ. ರಕ್ತ ಕುಡದ ಹೆಣ್ಣು ಉಣ್ಣಿ ಕೆಳಗ ಬಿದ್ದು, ಗ್ವಾಡಿ ಏರಿ ಸಂದಿನ್ಯಾಗ ಸಾವಿರಗಟ್ಟಲೆ ತತ್ತಿ ಇಡತೈತಿ. ನಾಯಿ ಮಲಗೂ ಕಡೆ ಗ್ವಾಡಿ ಬಿರುಕು ಮುಚ್ಚಸ್ರಿ. ಹಾಸಿಗಿ ವಾರಕ್ಕೊಮ್ಮೆ ಬಿಸಿನೀರಿಗೆ ಹಾಕಿ ಬಿಸಲಿಗೆ ಒಣಗಸ್ರಿ. ಮುಧೋಳ ನಾಯಿನ್ನ ಬರೇ ಫರಸಿ ಮ್ಯಾಲೆ ಮಲಗಿಸಿದ್ರ ಮೊಣಕೈ ತೊಗಲು ದಡ್ಡಗಟ್ಟತೈತಿ, ಕೊಬ್ಬು ಇಲ್ಲಲ್ಲ. ಹಳೇ ಕೌದಿ ಎರಡು ಮಡಿಕಿ ಹಾಸ್ರಿ. ಕೌದಿ ಅಂದ ಕೂಡಲೆ ನೆನಪಾತು, ನಮ್ಮ ಸೊಸಿ ಮೊನ್ನೆ ಐದು ಪದರಿನ ಕೌದಿನ್ನ ವಾಷಿಂಗ್ ಮಿಷಿನ್ಯಾಗ ತುರುಕಿದ್ಲು. ಮಿಷಿನ್ ಕುಣೀತು, ಕೌದಿ ನಡುವ ಗಂಟು ಗಂಟು ಆತು. ಕೌದಿನ್ನ ರಾತ್ರಿ ನೆನಸಿ, ಮುಂಜಾನೆ ಕಾಲಿಲೆ ತುಳದು, ಹಿಂಡದನ ಹಂಗ ಕಲ್ಲಬಂಡಿ ಮ್ಯಾಲೆ ಹಾಕಿ ನೀರು ಬಸಿಯಾಕ ಬಿಡಬೇಕು. ನಾ ಹೊಲದ ಕೌದಿ ಮೂವತ್ತು ವರ್ಷ ಬಾಳಿಕಿ ಬಂದಾವ, ಅಕಿ ಕೊಂಡ ರಗ್ಗು ಎರಡು ವರ್ಷಕ್ಕ ನಾಯಿ ಪಾಲಾತು. ಇರಲಿ.

ಪಟ್ಟಾ ವಿಷಯ ಒಂದ ಐತಿ. ಮುಧೋಳ ನಾಯಿಗೆ ತಲಿ ಸಣ್ಣ, ಕೊರಳು ಉದ್ದ. ಸಾದಾ ಪಟ್ಟಾ ಹಿಂದಕ್ಕ ಜಗ್ಗಿದ್ರ ಸಲೀಸ್ ಕಳಚತೈತಿ. ನಾಕು ಬೆರಳ ಅಗಲದ ಪಟ್ಟಾ ಹಾಕಿ ಕಿವಿ ಹತ್ತರ ಮ್ಯಾಲಕ್ಕ ಕಟ್ರಿ. ರಸ್ತೆದಾಗ ಹಗ್ಗ ಬಿಡಬ್ಯಾಡ್ರಿ. ಮೊಲ, ಬೆಕ್ಕು, ಹಾರೂ ಪ್ಲಾಸ್ಟಿಕ್ ಚೀಲ ಯಾವುದ ಕಂಡ್ರೂ ಓಡತೈತಿ, ಆಗ ನಿಮ್ಮ ದನಿ ಅದಕ್ಕ ಕೇಳೂದಿಲ್ಲ. ಹಠಾ ಅಲ್ಲ, ಕಣ್ಣಿಲೆ ಬ್ಯಾಟಿ ಆಡೂ ಜಾತಿ. ಹೊಡದು ಕಲಸ್ತೇನಿ ಅನ್ನಬ್ಯಾಡ್ರಿ, ಒಮ್ಮೆ ಹೊಡದವರ ಹತ್ತರ ಅದು ಮತ್ತ ಬರೂದಿಲ್ಲ. ಆಪರೇಷನ್ ಮಾಡಸೂವಾಗ ಇದು ಓಡೂ ಜಾತಿ ಅಂತ ಡಾಕ್ಟ್ರಿಗೆ ಮೊದಲ ಹೇಳ್ರಿ, ಕೆಲವು ಮಂಪರಿನ ಔಷಧ ಇವುಕ್ಕ ಲಗೂನ ಇಳಿಯೂದಿಲ್ಲ.

ಮರಿನ್ನ ಎಂಟು ವಾರಕ್ಕ ಮೊದಲು ತಾಯಿಂದ ಅಗಲಸಬ್ಯಾಡ್ರಿ. ಲಸಿಕಿ ಪೂರಾ ಮುಗಿಯೂ ತನಕ ಓಣಿ ನೆಲಕ್ಕ ಬಿಡಬ್ಯಾಡ್ರಿ, ರಕ್ತಭೇದಿ ಹಚ್ಚೂ ಪಾರ್ವೋ ಅಲ್ಲೇ ಇರತೈತಿ. ಮೂರು ತಿಂಗಳಿಗೆ ಹುಚ್ಚು ನಾಯಿ ಲಸಿಕಿ, ಆಮ್ಯಾಲೆ ವರ್ಷಾ ವರ್ಷಾ. ಯಾವ ನಾಯಿನ ಕಡೀಲಿ, ಮನೀದ ಆದ್ರೂ ಸೈ, ಗಾಯಕ್ಕ ಖಾರ, ಸುಣ್ಣ, ಅರಿಷಿಣ ತುಂಬಬ್ಯಾಡ್ರಿ. ಹರಿಯೂ ನೀರಿನ ಕೆಳಗ ಸಾಬಣ ಹಚ್ಚಿ ಹದಿನೈದು ನಿಮಿಷ ತೊಳದು, ಸೀದಾ ಸರಕಾರಿ ದವಾಖಾನಿಗೆ ಹೋಗ್ರಿ.

ಕಡೀದೊಂದು. ಉಣ್ಣಿ ಬಟ್ಟಲ ಅವತ್ತ ಸಂಜಿಕ ಚೆಲ್ಲಬ್ಯಾಡ್ರಿ, ರಾತ್ರಿ ಅಲ್ಲೇ ಇರಲಿ, ಮುಂಜಾನೆ ಪಾಯಖಾನಿಗೆ ಸುರೂವ್ರಿ, ಅಂಗಳದ ಗಿಡಕ್ಕ ಅಲ್ಲ. ಮತ್ತ ಆ ಬಟ್ಟಲಕ್ಕ ಒಂದು ಕೆಂಪು ದಾರ ಕಟ್ಟಿ ಅಡಗಿ ಮನಿಯಿಂದ ದೂರ ಇಡ್ರಿ. ನಮ್ಮ ಮನ್ಯಾಗ ದಾರ ಇರಲಿಲ್ಲ. ಬೀಗರು ಬಂದ ದಿನ ಸೊಸಿ ಅದರಾಗ ಶೇಂಗಾ ಚಟ್ನಿಗೆ ಮೊಸರು ಕಲಸಿ ತಂದಿಟ್ಲು. ನಾ ನೋಡೂದ್ರಾಗ ಬೀಗರು ಎರಡು ರೊಟ್ಟಿ ಮುಗಸಿದ್ರು, ಇವತ್ತಿನ ತನಕ ನಾ ಬಾಯಿ ಬಿಟ್ಟಿಲ್ಲ.