ಗದ್ದೆಯ ಕಣದಲ್ಲಿ 450 ಹೆಲಿಕಾಪ್ಟರ್: ನನ್ನ ಅನುಭವ

ರೇಡಿಯೊ ರಿಮೋಟಿನಲ್ಲಿ ಹಾರಿಸುವ ಮಾಡೆಲ್ ಹೆಲಿಕಾಪ್ಟರನ್ನು, ಅದೂ 450 ಸೈಜಿನ ಕಲೆಕ್ಟಿವ್ ಪಿಚ್ (ಬ್ಲೇಡುಗಳ ಓರೆ ಬದಲಿಸಿ ಏರಿಳಿಯುವ) ಹೆಲಿಯಲ್ಲೇ ಕಲಿಯುತ್ತೇನೆ ಎಂದಾಗ ಶಿವಮೊಗ್ಗದ ಗೆಳೆಯರು ಯಾರೂ ಒಪ್ಪಲಿಲ್ಲ. "ಮೊದ್ಲು ಕೋಆಕ್ಸಿಯಲ್ ತಗೋ ಮಾರಾಯ, ಇದು ದುಡ್ಡು ಸುಡೋ ಕೆಲಸ" ಅಂದರು. ಕೋಆಕ್ಸಿಯಲ್ ಅಂದರೆ ಒಂದರ ಮೇಲೊಂದು ಎರಡು ರೋಟರ್ ಇರುವ ಹೆಲಿ. ಈಗ ತೀರ್ಥಹಳ್ಳಿ ಹತ್ತಿರದ ನಮ್ಮ ಗದ್ದೆಯಲ್ಲಿ, ಹೆಲಿಯ ಮೂತಿ ನನ್ನ ಕಡೆ ತಿರುಗಿಸಿಕೊಂಡು ಒಂದು ಬ್ಯಾಟರಿ ಮುಗಿಯುವ ತನಕ ಹೋವರ್ ಮಾಡುತ್ತೇನೆ, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುತ್ತೇನೆ. ಆ ಗೆಳೆಯರಲ್ಲಿ ಇಬ್ಬರು ಬಂದು ನೋಡಿಕೊಂಡೂ ಹೋದರು.

ಕೋಆಕ್ಸಿಯಲ್ ನಾನೂ ಹಾರಿಸಿ ನೋಡಿದ್ದೆ. ಸ್ಟಿಕ್ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ, ಚೂರು ಗಾಳಿ ಬಂದರೆ ಅಡಿಕೆ ತೋಟ ಸೇರುತ್ತದೆ. 450 ಹಾಗಲ್ಲ. ಬೆರಳು ತಿದ್ದುತ್ತಲೇ ಇರಬೇಕು. ಆ ರೂಢಿ ಮೊದಲಿನಿಂದಲೇ ಬರಲಿ ಅನ್ನೋದು ನನ್ನ ಹಠ.

ಸೆಕೆಂಡ್ ಹ್ಯಾಂಡ್ ಹೆಲಿ, ರೇಡಿಯೊ ಸೇರಿ ಸುಮಾರು 14 ಸಾವಿರ ಬಿತ್ತು. ಮೊದಲ ಬೇಸಿಗೆಯಲ್ಲಿ ರಿಪೇರಿಗೇ ಇನ್ನೊಂದು ಎಂಟು ಸಾವಿರ. ಒಂದು ಸಲ ಮಗುಚಿದರೆ ಮೇನ್ ಬ್ಲೇಡ್, ಆ ಬ್ಲೇಡುಗಳ ಹಿಡಿಕೆ ಕೂರುವ ಫೆದರಿಂಗ್ ಶಾಫ್ಟ್, ಮೇನ್ ಗೇರ್ ಹೋಯಿತು ಅಂತಲೇ ಲೆಕ್ಕ. ಬ್ಲೇಡು ಟೇಲ್ ಬೂಮಿಗೂ (ಬಾಲದ ಕೊಳವೆಗೂ) ಬಡಿದರೆ ಸಾವಿರದೈನೂರು ರೂಪಾಯಿ ಮಾಯ. ತರಿಸಿದ ಒಂದು ಜೊತೆ ಬ್ಲೇಡಿನಲ್ಲಿ ಎರಡರ ತೂಕವೇ ಬೇರೆ ಬೇರೆ ಇತ್ತು. ಹಗುರದ್ದರ ತುದಿಗೆ ಟೇಪ್ ಸುತ್ತುತ್ತಾ ಒಂದು ಸಂಜೆ ಕಳೆಯಿತು.

ಕೆಲಸ ಆಗಿದ್ದು ಹೆಡ್ ಸ್ಪೀಡ್, ಅಂದರೆ ಮೇನ್ ಬ್ಲೇಡು ತಿರುಗುವ ವೇಗ, ಇಳಿಸಿದ ಮೇಲೆ. ಮೋಟಾರಿನ 13 ಹಲ್ಲಿನ ಪಿನಿಯನ್ (ಚಿಕ್ಕ ಗೇರ್) ತೆಗೆದು 11 ಹಲ್ಲಿನದು ಹಾಕಿದೆ, ವೇಗ ಒಂದೇ ಸಮ ಇಡುವ ಗವರ್ನರ್ ಆನ್ ಮಾಡಿ 2000 ಆರ್‌ಪಿಎಂ ಆಸುಪಾಸಿಗೆ ತಂದೆ. ಮೊದಲು 2700 ಹತ್ತಿರ ಇತ್ತು. ಇಷ್ಟು ಇಳಿಸಿದರೆ ಬ್ಲೇಡಿನ ಏಟಿನ ಶಕ್ತಿ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಮುರಿಯುವುದೂ ಕಡಿಮೆ. ಹಾಗಂತ ಹತ್ತಿರ ನಿಲ್ಲಬೇಡಿ. ಆಗಲೂ ಬ್ಲೇಡ್ ತುದಿ ಗಂಟೆಗೆ 250 ಕಿ.ಮೀ. ದಾಟಿರುತ್ತದೆ. ವೇಗ ಇಳಿದಾಗ ಟೇಲ್ ರೋಟರಿನ ಹಿಡಿತ ಸಡಿಲವಾಗುತ್ತದೆ ಅಲ್ವಾ, ಅದಕ್ಕೆ ನಾನು ಮಾಡಿದ ಉಪಾಯ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಇಳಿಯುವಾಗ ಮಗುಚದಿರಲಿ ಎಂದು ಸ್ಕಿಡ್ (ಹೆಲಿ ನಿಲ್ಲುವ ಕಾಲು) ಕೆಳಗೆ ವಾಟೆಯ ಎರಡು ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ನಾಲ್ಕೂ ತುದಿಗೆ ಟೇಬಲ್ ಟೆನಿಸ್ ಚೆಂಡು ಸಿಕ್ಕಿಸಿದೆ. ಅಂಗಡಿಯ ಟ್ರೈನಿಂಗ್ ಗೇರ್‌ಗಿಂತ ಹಗುರ, ಖರ್ಚು ಐವತ್ತು ರೂಪಾಯಿ ದಾಟಲಿಲ್ಲ. ಆದರೆ ಕೊಯ್ದ ಗದ್ದೆಯ ಕೂಳೆಗೆ ಅದು ಸಿಕ್ಕಿಕೊಂಡು ಹೆಲಿ ಮಗುಚುತ್ತಿತ್ತು. ಸಗಣಿ ಸಾರಿಸಿದ ಕಣಕ್ಕೆ ಬಂದ ಮೇಲೆ ನುಣ್ಣಗೆ ಜಾರತೊಡಗಿತು. ಒಕ್ಕಲು ಮುಗಿದ ಮೇಲೆ, ಬೆಳಿಗ್ಗೆ ಇಬ್ಬನಿ ಆರಿ ಗಾಳಿ ಏಳುವ ಮೊದಲಿನ ಹೊತ್ತು ಅದಕ್ಕೆ ಹೇಳಿ ಮಾಡಿಸಿದ್ದು.

ನಡುವೆ ಕ್ಯಾನೊಪಿಯನ್ನು (ಹೆಲಿಯ ಮೂತಿ ಮುಚ್ಚುವ ಚಿಪ್ಪು) ಅಡಿಕೆ ಹಾಳೆಯಲ್ಲಿ ಮಾಡಿ ನೋಡಿದೆ. ಹಾಳೆ ನೆನೆಸಿ, ಹಳೇ ಕ್ಯಾನೊಪಿಯ ಮೇಲೆ ಬಿಗಿದು ಒಣಗಿಸಿದರೆ ಚೆನ್ನಾಗಿಯೇ ಕೂರುತ್ತದೆ. ಬೇಸಿಗೆಯಿಡೀ ಬಾಳಿತು. ಜೂನ್ ಬಂದದ್ದೇ ಬೂಷ್ಟು ಹಿಡಿದು ಮೆತ್ತಗಾಯಿತು. ಈ ಸಲ ಒಳಗೆ ವಾರ್ನಿಷ್ ಬಳಿದು ಇಟ್ಟಿದ್ದೇನೆ.

ಮಳೆಗಾಲದಲ್ಲಿ ಇಲ್ಲಿ ಹೊರಗೆ ಹಾರಿಸೋ ಮಾತೇ ಇಲ್ಲ. ಬ್ಯಾಟರಿಗಳನ್ನು ಸೆಲ್ಲಿಗೆ 3.8 ವೋಲ್ಟ್‌ಗೆ ತಂದು ಎತ್ತಿಡುತ್ತೇನೆ, ಬೇರಿಂಗ್‌ಗಳಿಗೆ ಎಣ್ಣೆ ಹಾಕುತ್ತೇನೆ, ಸಂಜೆ ಕರೆಂಟ್ ಇದ್ದಷ್ಟು ಹೊತ್ತು ಸಿಮ್ಯುಲೇಟರ್. ಮೂತಿ ಎದುರಿನ ಹೋವರ್ ನನಗೆ ಬಂದಿದ್ದು ಪೂರ್ತಿ ಅದರಿಂದಲೇ.

ಶಿವಮೊಗ್ಗ ಪೇಟೆಯವರು ಒಂದು ಗಮನಿಸಿ. 2023ರಲ್ಲಿ ಸೋಗಾನೆ ವಿಮಾನ ನಿಲ್ದಾಣ ಶುರುವಾಗಿದೆ. ಹಾಗಾಗಿ ಯಾವ ಮೈದಾನಕ್ಕೆ ಹೋಗುವ ಮೊದಲೂ ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಡ್ರೋನ್ ಹಾರಾಟದ ವಲಯ ತೋರಿಸುವ ಸರ್ಕಾರಿ ನಕ್ಷೆ) ಆ ಜಾಗ ಯಾವ ವಲಯದಲ್ಲಿದೆ ನೋಡಿಕೊಳ್ಳಿ. ಹಸಿರು ವಲಯ, ಅಂದರೆ ಅನುಮತಿ ಕೇಳದೆ ಹಾರಿಸಬಹುದಾದ ಜಾಗ, ಬೇಕಾದರೆ ನಮ್ಮ ಕಣಕ್ಕೇ ಬನ್ನಿ. ಪಿನಿಯನ್ ಮಾತ್ರ ನೀವೇ ತನ್ನಿ, ನನ್ನ ಹತ್ತಿರ ಇರೋದು ಒಂದೇ.