ಬಾಕಿ ಕೇಳುವುದು ಬಿಟ್ಟು ಥ್ಯಾಂಕ್ಸ್ ಹೇಳಿಸಿದ ವರ್ಷ

ಹೋದ ಜನವರಿಯಲ್ಲಿ 7 ಜನ ಸಣ್ಣ ಉದ್ದಿಮೆದಾರರನ್ನು ಕೂರಿಸಿಕೊಂಡು ಕಾಗದ ಬರೆಸಿದೆ. ಬಾಕಿ ಉಳಿಸಿಕೊಂಡವರಿಗಲ್ಲ, ಹೇಳಿದ ದಿನಕ್ಕೆ ದುಡ್ಡು ಕೊಟ್ಟವರಿಗೆ. ನನ್ನ ಹಾಗೇ ಸಣ್ಣ ವ್ಯಾಪಾರಿಗಳ ಲೆಕ್ಕ ನೋಡಿಕೊಡುವ ಗೆಳೆಯರು ನಕ್ಕರು. "ಕೊಡದೇ ಇರೋರನ್ನ ಹಿಡಿಯೋದು ಬಿಟ್ಟು ಕೊಟ್ಟೋರಿಗೆ ಕಾಗದ ಬರೀತಾ ಕೂತಿದ್ದೀರಲ್ರೀ" ಅಂದರು. ಈಗ ಮತ್ತೆ ಜನವರಿ ಬಂದಿದೆ. ಏಳರಲ್ಲಿ ಐವರ ವಸೂಲಿ ದಾರಿಗೆ ಬಂದಿದೆ. ಅದಕ್ಕೇ ಸ್ವಲ್ಪ ಜಂಭದಿಂದಲೇ ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಮಾಡಿದ ತಪ್ಪುಗಳು ಕಡಿಮೆ ಇಲ್ಲ. ಮೊದಮೊದಲು ಸಹಾಯ ಅಂದರೆ ಕೈಗಡ ಕೊಡುವುದು ಅಂದುಕೊಂಡಿದ್ದೆ. ನನ್ನ ಉಳಿತಾಯದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ನಾಲ್ಕು ಜನರಿಗೆ ಹೋಯಿತು. ಇಬ್ಬರು ವಾಪಸ್ ಕೊಟ್ಟರು. ಒಬ್ಬರು ಬಾಗಿಲು ಹಾಕಿದರು. ಇನ್ನೊಬ್ಬರು ನನ್ನನ್ನು ಕಂಡರೆ ಇವತ್ತಿಗೂ ರಸ್ತೆಯ ಆ ಬದಿಗೆ ಹೋಗುತ್ತಾರೆ. ದುಡ್ಡಿಗಿಂತ ಅದು ಜಾಸ್ತಿ ಚುಚ್ಚುತ್ತದೆ.

ಆಮೇಲೆ ಡಿಸ್ಕೌಂಟ್ ಹುಚ್ಚು ಹತ್ತಿತು. ಪ್ರಿಂಟಿಂಗ್ ಪ್ರೆಸ್ ಇಟ್ಟ ಒಬ್ಬರಿಗೆ ವರ್ಷದ ಕೊನೆಗೆ 10 ಪರ್ಸೆಂಟ್ ಬಿಡಿ ಅಂದೆ. ಕೆಲಸ ಬಂತು, ರಾತ್ರಿಯೆಲ್ಲ ಮೆಷಿನ್ ಓಡಿತು. ತಿಂಗಳಾದ ಮೇಲೆ ಲೆಕ್ಕಕ್ಕೆ ಕೂತರೆ ತಲೆ ತಿರುಗಿತು. ಅವರಿಗೆ ನೂರಕ್ಕೆ 30 ಉಳಿಯುತ್ತಿತ್ತು, ಹತ್ತು ಬಿಟ್ಟ ಮೇಲೆ 20. ಅಂದರೆ ಎರಡು ಬಿಲ್ಲಿನಲ್ಲಿ ಬರುತ್ತಿದ್ದ ಲಾಭಕ್ಕೆ ಮೂರು ಬಿಲ್ ಬೇಕು. ವ್ಯಾಪಾರ ಒಂದೂವರೆ ಪಟ್ಟು ಆಗಬೇಕಿತ್ತು, ಏರಿದ್ದು ಕಾಲು ಭಾಗ. ಅವರು ಬೈಯಲಿಲ್ಲ. "ಮೆಷಿನ್ ಸವೆದಿದ್ದೊಂದೇ ಲಾಭ ಸರ್" ಅಂದರು, ಅಷ್ಟೆ. 30 ದಿನದ ಬಿಲ್ಲನ್ನು 10 ದಿನದಲ್ಲಿ ಕೊಟ್ಟರೆ 2 ಪರ್ಸೆಂಟ್ ಬಿಡುವುದನ್ನೂ ಮಾಡಿ ನೋಡಿದೆ. ಕೇಳೋಕೆ ಎರಡೇ ಪರ್ಸೆಂಟ್, ಆದರೆ ಅದು ಬರೀ 20 ದಿನ ಮುಂಚೆ ಬರುವ ದುಡ್ಡಿಗೆ. ವರ್ಷಕ್ಕೆ ಲೆಕ್ಕ ಹಾಕಿದರೆ 37 ಪರ್ಸೆಂಟ್ ಹತ್ತಿರದ ಬಡ್ಡಿ!

ಕಣ್ಣು ತೆರೆಸಿದ್ದು ಬ್ಯಾಗ್ ಹೊಲಿಯುವ ಒಬ್ಬ ಅಕ್ಕ. ಮುಂದಿನ 13 ವಾರದ ಹಾಳೆ, ಅಂದರೆ ಯಾವ ವಾರ ಎಷ್ಟು ದುಡ್ಡು ಬರುತ್ತೆ, ಎಷ್ಟು ಹೋಗುತ್ತೆ ಅನ್ನುವ ಅಂದಾಜು, ಅದನ್ನು ತುಂಬಿಸಲು ಕೂತಿದ್ದೆವು. ಅವರ ಉದ್ರಿ ಪುಸ್ತಕದಲ್ಲಿ ಬಾಕಿದಾರರ ಹೆಸರಿಗೆಲ್ಲ ಕೆಂಪು ಗೆರೆ. ಹನ್ನೊಂದು ಜನ, ಹನ್ನೊಂದೂ ಬಾಯಿಪಾಠ. "ಸರಿಯಾಗಿ ಕೊಡೋರು ಯಾರಕ್ಕ?" ಅಂತ ಕೇಳಿದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಯೋಚಿಸಿದರು. ಒಂದೂ ಹೆಸರು ತಕ್ಷಣ ಬರಲಿಲ್ಲ. ಪುಟ ತಿರುಗಿಸುತ್ತಾ ಹೋದರೆ ಆರು ಜನ ಸಿಕ್ಕರು, ಬಂದ ದುಡ್ಡಿನಲ್ಲಿ ಮುಕ್ಕಾಲು ಪಾಲು ಅವರದ್ದೇ. ಅವರ ಆರ್ಡರ್‌ಗಳೇ ಮೂಲೆಯಲ್ಲಿ ಕಾಯುತ್ತಾ ಬಿದ್ದಿದ್ದವು, ಯಾಕೆಂದರೆ ಅವರು ಗಲಾಟೆ ಮಾಡುವವರಲ್ಲ.

ಅವತ್ತೇ ಆ ಆರೂ ಆರ್ಡರ್ ಸಾಲಿನ ಮುಂದಕ್ಕೆ ಬಂದವು. ಮಾಲಿನ ಜೊತೆ ಕೈಬರಹದ ನಾಲ್ಕು ಸಾಲು. ಯಾವ ಬಿಲ್, ಯಾವ ದಿನ ಕೊಟ್ಟಿರಿ, ಅದರಿಂದ ನನಗೇನು ಅನುಕೂಲವಾಯಿತು, ಇನ್ನು ಮೇಲೆ ನಿಮ್ಮ ಕೆಲಸವೇ ಮೊದಲು. ಮೂರನೇ ಸಾಲನ್ನು ಹೇಗೆ ಬರೆಸುತ್ತೇನೆ ಅನ್ನುವುದನ್ನು ಮಾತ್ರ ನಾನೇ ಇಟ್ಟುಕೊಳ್ಳುತ್ತೇನೆ. ಮಾರ್ಚ್ ಹೊತ್ತಿಗೆ ಆರರಲ್ಲಿ ನಾಲ್ವರು ಹೊಸ ಗಿರಾಕಿಗಳನ್ನು ಕಳಿಸಿದ್ದರು. ಸುದ್ದಿ ಹೇಗೋ ಹರಡಿ, ಕೆಂಪು ಗೆರೆಯವರಲ್ಲೂ ಕೆಲವರು ಸರಿಹೋದರು. ಸಾಲಿನಲ್ಲಿ ಹಿಂದೆ ನಿಲ್ಲಲು ಯಾರಿಗೆ ಇಷ್ಟ? ಬಿಲ್ ಕೊಟ್ಟು ಸುಮಾರು 70 ದಿನಕ್ಕೆ ಬರುತ್ತಿದ್ದ ದುಡ್ಡು ಈಗ 40ರ ಆಸುಪಾಸಿಗೆ ಬರುತ್ತಿದೆ.

ಒಂದು ಎಚ್ಚರಿಕೆ. ಕಾಗದ ಜನವರಿ ಒಂದಕ್ಕೆ ತಲುಪಿಸಬೇಡಿ, ಶುಭಾಶಯಗಳ ರಾಶಿಯಲ್ಲಿ ಮುಳುಗಿ ಹೋಗುತ್ತದೆ. ಎರಡನೇ ವಾರ ಸರಿ. ಫೋನಿನಲ್ಲಿ ಒಟ್ಟಿಗೆ ಎಲ್ಲರಿಗೂ ಕಳಿಸಿ ನೋಡಿದೆವು, ಯಾರೂ ಓದಲಿಲ್ಲ. ಬಾಕಿದಾರರಿಗೆ 'ಮುಂಚಿತವಾಗಿ ಧನ್ಯವಾದ' ಅಂತ ಬರೆಸಿದ್ದೂ ಇದೆ. ಒಬ್ಬರು ಬಹಳ ಮರ್ಯಾದೆಯಿಂದ "ನಿಮಗೂ ಧನ್ಯವಾದ" ಅಂತ ಉತ್ತರ ಬರೆದರು. ದುಡ್ಡು ಇನ್ನೂ ಬಂದಿಲ್ಲ.

ನನ್ನ ಮೇಲೂ ಒಂದು ಪ್ರಯೋಗ ನಡೆಯಿತು. ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆಯುವುದು. ನಾಲ್ಕನೇ ದಿನಕ್ಕೇ ಅವವೇ ಸಾಲುಗಳು. ಶನಿವಾರಕ್ಕೊಮ್ಮೆ ಮಾಡಿಕೊಂಡ ಮೇಲೆ ಅಭ್ಯಾಸ ಉಳಿದುಕೊಂಡಿತು. 2003ರಲ್ಲಿ ಪ್ರಕಟವಾದ, ಕೃತಜ್ಞತೆಯ ಬಗ್ಗೆ ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲಾ ಮಾಡಿದ ಅಧ್ಯಯನದಲ್ಲೂ ಒಂದು ಗುಂಪು ವಾರಕ್ಕೊಮ್ಮೆಯೇ ಬರೆದಿತ್ತಂತೆ, ಹತ್ತು ವಾರ. ಮೊದಲೇ ಗೊತ್ತಿದ್ದರೆ ಒಂದು ನೋಟ್‌ಬುಕ್ ಉಳಿಯುತ್ತಿತ್ತು.

ಉಳಿದ ಇಬ್ಬರ ಕತೆ ಬೇರೆ. ಒಬ್ಬರಿಗೆ ಎರಡನೇ ತಿಂಗಳಿಗೇ ಬೇಜಾರಾಯಿತು. ಇನ್ನೊಬ್ಬರಿಗಿದ್ದದ್ದು ಒಬ್ಬನೇ ದೊಡ್ಡ ಗಿರಾಕಿ, ದುಡ್ಡು ಬರುವುದು ನಾಲ್ಕು ತಿಂಗಳಿಗೆ. ಅಲ್ಲಿ ಕಾಗದ ಏನು ಮಾಡೀತು? ಗಿರಾಕಿ ಕೈಬಿಟ್ಟ ದಿನವೇ ಅಂಗಡಿ ನಿಂತಿತು. ಇದನ್ನು ನಾನು ಮೊದಲೇ ನೋಡಬೇಕಿತ್ತು. ಈ ವರ್ಷ ಹಾಳೆ ಹಾಕುವ ಮುಂಚೆ ಮೊದಲ ಪ್ರಶ್ನೆಯೇ ಅದು, ನಿಮ್ಮ ದುಡ್ಡು ಎಷ್ಟು ಕೈಗಳಿಂದ ಬರುತ್ತದೆ?

ಈ ಸಲ ಹನ್ನೊಂದು ಜನ ಇದ್ದಾರೆ. ಲಕೋಟೆಗಳನ್ನು ಅದೇ ಪ್ರೆಸ್ಸಿನಲ್ಲಿ ಪ್ರಿಂಟ್ ಹಾಕಿಸಿದೆ. ಡಿಸ್ಕೌಂಟ್ ಕೇಳಲಿಲ್ಲ, ದುಡ್ಡು ಮುಂಗಡ ಎಣಿಸಿದೆ. "ಹಾಗಾದ್ರೆ ಸಾಲಿನಲ್ಲಿ ನೀವೇ ಮೊದಲು ಸರ್" ಅಂದರು.