ಬೇಸಿಗೆಯ ಬಿಯರಿನ ಬಾಳೆಹಣ್ಣಿನ ವಾಸನೆಯನ್ನು ನಿವಾರಿಸಿದ ಬಗೆ

ಏಪ್ರಿಲಿನಲ್ಲಿ ಬೆಂಗಳೂರಿನ ನಮ್ಮ ಮನೆಯಲ್ಲಿ ಹುದುಗಿಸಿದ ಪೇಲ್ ಏಲ್ ಬಿಯರಿಗೆ ಕಳಿತ ಬಾಳೆಹಣ್ಣಿನ ವಾಸನೆಯೂ ಗಂಟಲು ಸುಡುವ ಖಾರವೂ ಬಂದಿದ್ದವು. ಜರ್ಮನಿಯ ಗೋಧಿ ಬಿಯರಿಗೆ ಆ ವಾಸನೆ ಬೇಕಾದದ್ದೇ, ಆದರೆ ಪೇಲ್ ಏಲ್‌ನಲ್ಲಿ ಅದು ಹಾಪ್ಸ್ ಎಂಬ ಹೂವಿನ ಪರಿಮಳವನ್ನೇ ನುಂಗಿಬಿಡುತ್ತದೆ. ಅದೇ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಮತ್ತು ಯೀಸ್ಟ್ (ಹುದುಗಿಸುವ ಸೂಕ್ಷ್ಮಜೀವಿ) ಬಳಸಿ ಡಿಸೆಂಬರಿನಲ್ಲಿ ಮಾಡಿದ ಬಿಯರ್ ಸ್ವಚ್ಛ ರುಚಿಯದಾಗಿದ್ದುದರಿಂದ ಶಾಖವೇ ಕಾರಣವೆಂದು ತೋರಿತು. ಹೆಚ್ಚಿನ ಏಲ್ ಯೀಸ್ಟ್‌ಗಳಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತವಾಗಿದ್ದು, ಅದನ್ನು ಬಹಳ ಮೀರಿದರೆ ಅವು ಹಣ್ಣಿನ ವಾಸನೆಯ ಎಸ್ಟರ್‌ಗಳನ್ನೂ ಖಾರವೆನಿಸುವ ಫ್ಯೂಸೆಲ್ ಆಲ್ಕೋಹಾಲುಗಳನ್ನೂ ಅತಿಯಾಗಿ ಉತ್ಪಾದಿಸುತ್ತವೆ. ಹುದುಗುವಿಕೆಯೇ ಶಾಖ ಹೊಮ್ಮಿಸುವುದರಿಂದ ಪಾತ್ರೆಯೊಳಗಿನ ದ್ರವ ಕೋಣೆಗಿಂತಲೂ ಬಿಸಿಯಾಗಿರುತ್ತದೆ.

ಮುಂದಿನ ಸಲ ಹುದುಗುವ ಡಬ್ಬಿಯನ್ನು ನೀರು ತುಂಬಿದ ಟಬ್ಬಿನಲ್ಲಿಟ್ಟು, ಒದ್ದೆ ಪಂಚೆ ಸುತ್ತಿ, ಅದರ ಅಂಚು ನೀರಿನಲ್ಲಿ ಮುಳುಗಿರುವಂತೆ ನೋಡಿಕೊಂಡು, ಟೇಬಲ್ ಫ್ಯಾನ್ ಹಾಕಿ, ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗಳನ್ನು ಬೆಳಿಗ್ಗೆ, ಸಂಜೆ ಟಬ್ಬಿನಲ್ಲಿ ಬದಲಿಸುತ್ತಿದ್ದೆ. ನಮ್ಮ ಬೇಸಿಗೆಯ ಗಾಳಿ ಒಣಗಿರುವುದರಿಂದ ನೀರು ಬೇಗ ಆವಿಯಾಗಿ ಡಬ್ಬಿ ತಣಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಈ ಉಪಾಯ ಇಷ್ಟು ಫಲಿಸದು. ಡಬ್ಬಿಗೆ ಅಂಟಿಸಿದ ಥರ್ಮಾಮೀಟರ್ 20ರ ಆಸುಪಾಸಿನಲ್ಲೇ ನಿಂತಿತು, ಬಿಯರಿನ ರುಚಿಯೂ ಸರಿಯಾಯಿತು. ಮೊದಲ ಮೂರು ದಿನಗಳಲ್ಲಿ ಬಾಟಲಿ ಬದಲಿಸುವುದನ್ನು ತಪ್ಪಿಸಲೇಬಾರದು, ಏಕೆಂದರೆ ರುಚಿ ಕೆಡಿಸುವ ವಸ್ತುಗಳು ಬಹುಪಾಲು ಯೀಸ್ಟ್ ವೇಗವಾಗಿ ಬೆಳೆಯುವ ಆ ಹೊತ್ತಿನಲ್ಲೇ ಹುಟ್ಟುತ್ತವೆ.